ಒತ್ತಕ್ಷರಕ್ಕೆ ಜಾಗ

ಎಂಟು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ.
ಒಂದು ಅಕ್ಷರಕ್ಕೆ ಈ ಆಟ ಕೊಡುವ ಮನೆ ಇಷ್ಟೆ.
ಕಟ್ಟಿದವರು ಜಪಾನಿನವರು, ಅವರ ಅಳತೆಗೆ.
'ಕ' ಕೂರುತ್ತದೆ, ಕಾಲು ಮಡಚಿ.
'ರಾಷ್ಟ್ರ'ದ 'ಷ್ಟ್ರ' ಬಂದರೆ
ತಲೆ ಮಾಡಿಗೆ ತಾಗುತ್ತದೆ, ಕಾಲು ಬೀದಿಗೆ.

ಕುಂಬಳೆ ಸ್ಟೇಷನ್ನಿನ ಎದುರು ಮೊಬೈಲು ರಿಪೇರಿ ಅಂಗಡಿ.
ಶಟರು ಅರ್ಧ ಎಳೆದ ಮೇಲೆ ನನ್ನ ನಿಜದ ಕೆಲಸ:
ಯಾರದೋ ಹಳೆ ಆಟದ ಹೊಲಿಗೆ ಬಿಚ್ಚಿ
ನಮ್ಮ ಮೈಗೆ ಹೊಲಿಯುವುದು. ಮಾರಲಿಕ್ಕಲ್ಲ.
ಹನ್ನೊಂದರ ಗೂಡ್ಸು ಹೋಗುವಾಗ ಮೇಜಿನ ಸ್ಕ್ರೂಗಳು
ಒಂದು ಸುತ್ತು ಕುಣಿದು ಕೂರುತ್ತವೆ.
ಆ ಹೊತ್ತಿಗೆ ಅವರೂ ಬರುತ್ತಾರೆ, ಒಬ್ಬೊಬ್ಬರೇ:
ಆದೋನಿಯಿಂದ ಹತ್ತಿಬೀಜ, ಜತ್ತದಿಂದ ಕಡಕ್‌ರೊಟ್ಟಿ,
ತಾಳವಾಡಿಯಿಂದ ರಾಗಿಕಳ್ಳಿ.
ನಿಜ ಹೆಸರು ಯಾರೂ ಕೇಳಿಲ್ಲ. ನಾನು ಮುರಕಲ್ಲು.

ಜಂತುಗಳೆಲ್ಲ ನಮ್ಮವೇ.
ಹತ್ತಿಬೀಜನದು ಬೆನ್ನ ಮೇಲೆ ಗಿರಣಿ ಚಿಮಣಿ ಹೊತ್ತ ಎಮ್ಮೆ;
ಕೆಮ್ಮುವುದೇ ಅದರ ಅಸ್ತ್ರ.
ನನ್ನದು ಗೇಟೇಡಿ. ರೈಲ್ವೆ ಗೇಟಿನ ಕೆಂಪುಬಿಳಿ ಕೊಂಡಿಯ ಏಡಿ,
ಒಮ್ಮೆ ಇಳಿಸಿತೆಂದರೆ ಎದುರಾಳಿ
ಮೂರು ಸರದಿ ಸುಮ್ಮನೆ ಕಾಯಬೇಕು.
ಒಂದೊಂದಕ್ಕೂ ಹದಿನಾರೇ ಬಣ್ಣ. ಅದರಲ್ಲಿ ಮೊದಲನೆಯದು
ಕಾಣುವುದಕ್ಕಲ್ಲ, ಹಿಂದಿರುವುದನ್ನು ಕಾಣಿಸುವುದಕ್ಕೆ.
'ಹಾಗಾದ್ರ ಹದಿನೈದs ಅನ್ನು' ಎಂದ ಕಡಕ್‌ರೊಟ್ಟಿ.
'ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ'
ಎಂದಳು ರಾಗಿಕಳ್ಳಿ, ಆನೆಯ ಸುತ್ತ ಕತ್ತಲು ತುಂಬುತ್ತ.

ಮಾತಿನ ಪಾಡು ಬೇರೆ.
ಹಳೆ ಮಾತು ಇದ್ದಷ್ಟೇ ಜಾಗ;
ಹೊಸದು ಒಂದಕ್ಷರ ಉದ್ದವಾದರೂ
ಪಕ್ಕದ ಮನೆಯ ಮಾತನ್ನು ತಿಂದುಬಿಡುತ್ತದೆ.
ಒಮ್ಮೆ ಮೀನು ಮಾರುವವಳು 'ಬಂಗುಡೆ ಉಂಟು, ತಾಜಾ' ಅಂದವಳೇ
ಅದೇ ಉಸಿರಿಗೆ
'ನಿಮ್ಮ ಜಂತು ಗುಣವಾಯಿತು, ಪುನಃ ಬನ್ನಿ' ಅಂದಳು.
ನಾಲ್ಕು ರಾಜ್ಯದಲ್ಲಿ ನಾಲ್ಕು ಜನ, ನಡುರಾತ್ರಿ,
ಮನೆಯವರು ಏಳದ ಹಾಗೆ ಬಾಯಿಗೆ ಕೈಯಿಟ್ಟು ನಕ್ಕೆವು.
ಆಮೇಲೆ ಕಡತದ ಬಾಲದಲ್ಲಿ
ಯಾರೂ ಬಳಸದ ಹಾಳು ಸೈಟೊಂದು ಸಿಕ್ಕಿತು.
ಉದ್ದದ ಮಾತುಗಳನ್ನೆಲ್ಲ ಅಲ್ಲಿಗೆ ಸಾಗಿಸಿ
ಹಳೆ ಬಾಗಿಲಿಗೆ ಚೀಟಿ ಅಂಟಿಸಿದೆವು:
ಇಲ್ಲಿಲ್ಲ, ಅಲ್ಲಿ ವಿಚಾರಿಸಿ.
(ಈ ವಿದ್ಯೆ ತಾಲೂಕಾಫೀಸಿನಲ್ಲಿ ಕಲಿತದ್ದು.)

ಪರೀಕ್ಷೆಗೆಂದು ಲೋಲಾಕ್ಷಿ ದೊಡ್ಡಮ್ಮನ ಕೈಗೆ ಕೊಟ್ಟೆ.
ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು;
ಗುಂಡಿ ಒತ್ತುವುದೂ ನೂಲು ಸುತ್ತಿದ ಹಾಗೆ, ಲೆಕ್ಕ ತಪ್ಪದೆ.
ಹುಲ್ಲಿಗೆ ಇಳಿಯಲೇ ಇಲ್ಲ. ಒಂದು ಜಂತು ಹಿಡಿಯಲಿಲ್ಲ.
ಊರಿಂದ ಊರಿಗೆ ನಡೆದು
ಬೋರ್ಡಿನ ಎದುರು ನಿಂತು ನಿಂತು ಓದಿದಳು.
ಮಂಜೇಶ್ವರ. ಉಪ್ಪಳ. ಬಂದ್ಯೋಡು.
(ಈ ಒತ್ತುಗಳನ್ನು ನಾವು ಹೇಗೆ ತುರುಕಿದ್ದೆಂದು ನಮಗೇ ಗೊತ್ತು.)
ಕುಂಬಳೆ. ಮೊಗ್ರಾಲು.
ಪೇಟೆಯಲ್ಲಿ ಬಸ್ಸು ಬಂದಾಗ 'ಇದು ಎಲ್ಲಿಗೆ ಮಗಾ' ಎಂದು
ಶಾಲೆ ಮಕ್ಕಳನ್ನು ಕೇಳುವವಳು
ಇಲ್ಲಿ ಯಾರನ್ನೂ ಕೇಳಲಿಲ್ಲ.

ಹೊಳೆಯ ಹತ್ತಿರ ನಿಂತಳು.
'ಇದೆಂತದು, ಚಂದರಗಿರಿ?'
'ದ್ರ' ಹಿಡಿಯಲಿಲ್ಲ ದೊಡ್ಡಮ್ಮ. ಒತ್ತಿಗೆ ಜಾಗ ಇಲ್ಲ.
'ಜಾಗ ಇಲ್ಲವಾ?' ಸ್ಕ್ರೀನಿನ ಮೇಲೆ ಉಗುರಿಟ್ಟಳು,
ಹೊಗೆಸೊಪ್ಪಿನ ಕಂದು ಇನ್ನೂ ಹೋಗದ ಉಗುರು.
'ಇಷ್ಟು ದೊಡ್ಡ ಹೊಳೆ ಬಿಡಿಸಿದ್ದೀಯಲ್ಲ ಮಾರಾಯ.
ಅದರಲ್ಲಿ ಎರಡು ಚುಕ್ಕಿ ನೀರು ಕಮ್ಮಿ ಮಾಡು.'

ಗುಂಪಿಗೆ ಬರೆದೆ.
ಮೂರು ಗಂಟೆಗೆ ಹತ್ತಿಬೀಜನ ಉತ್ತರ: ಆಗುತ್ತದೆ,
ಮಾತಿನ ಪೆಟ್ಟಿಗೆ ಎರಡು ಚುಕ್ಕಿ ನೀರಿಗಿಳಿದರೆ.
ಆದರೆ ಎಲ್ಲ ಪೆಟ್ಟಿಗೆ ಪುನಃ ಅಳೆಯಬೇಕು, ಒಂದೊಂದಾಗಿ.
ಎಷ್ಟು? ಸಾವಿರದ ಇನ್ನೂರು.
ತುಂಬ ಹೊತ್ತು ಯಾರೂ ಏನೂ ಬರೆಯಲಿಲ್ಲ.
ಆಮೇಲೆ ರಾಗಿಕಳ್ಳಿ:
ನನಗೆ ಮುನ್ನೂರು ಕೊಡಿ.